ಒಲಿಂಪಸ್ ಟಿಜಿ-6: ಕಾವೇರಿ ದಂಡೆಯಿಂದ ಹವಳದ ದಿಬ್ಬದವರೆಗೆ, ಐದು ವರ್ಷಗಳ ಬಳಕೆಯ ನಂತರ

ಸಮುದ್ರವಿಲ್ಲದ ಮೈಸೂರಿನಲ್ಲಿದ್ದುಕೊಂಡು ನೀರೊಳಗೆ ಚಿತ್ರ ತೆಗೆಯುವ ಕ್ಯಾಮೆರಾ ಏಕೆ ಎಂದು, 2019ರ ಕೊನೆಯಲ್ಲಿ ಇದನ್ನು ಕೊಂಡಾಗ ಮನೆಯವರೆಲ್ಲ ಕೇಳಿದ್ದರು. ಅಂದಿನಿಂದ ಈ ಒಲಿಂಪಸ್ ಟಿಜಿ-6 ನನ್ನೊಡನೆ ಎರಡು ಬಾರಿ ಅಂಡಮಾನಿಗೆ, ಮೂರು ಬಾರಿ ಮುರುಡೇಶ್ವರದ ಆಚೆಯ ನೇತ್ರಾಣಿ ದ್ವೀಪಕ್ಕೆ, ಲೆಕ್ಕವಿಡದಷ್ಟು ಸಲ ಶ್ರೀರಂಗಪಟ್ಟಣದ ಕಾವೇರಿ ದಂಡೆಗೆ ಬಂದಿದೆ. ಐದು ವರ್ಷಗಳಿಗೂ ಹೆಚ್ಚು ಕಾಲ ಬಳಸಿದ ಮೇಲೆ ಬರೆಯುತ್ತಿರುವ ಈ ವಿಮರ್ಶೆಯಲ್ಲಿ ಚಿತ್ರದ ಗುಣಮಟ್ಟಕ್ಕಿಂತ ಮೊದಲು ಒಂದು ಪ್ರಶ್ನೆಯನ್ನು ಮುಂದಿಟ್ಟುಕೊಂಡಿದ್ದೇನೆ: ಹವಳವನ್ನಾಗಲಿ, ಅಲ್ಲಿನ ಜೀವಿಗಳನ್ನಾಗಲಿ ಮುಟ್ಟದೆ, ಬೆದರಿಸದೆ ಈ ಕ್ಯಾಮೆರಾದಲ್ಲಿ ಎಂಥ ಚಿತ್ರ ಸಿಗುತ್ತದೆ? ಈ ಅಳತೆಗೋಲು ನನಗೆ ಪುಸ್ತಕದಿಂದ ಬಂದದ್ದಲ್ಲ.

ತಾಂತ್ರಿಕ ವಿವರಗಳು ಎಲ್ಲೆಡೆ ಸಿಗುವುದರಿಂದ ಬೇಕಾದಷ್ಟನ್ನು ಮಾತ್ರ ಹೇಳುತ್ತೇನೆ. 12 ಮೆಗಾಪಿಕ್ಸೆಲ್‌ನ ಚಿಕ್ಕ ಸೆನ್ಸರ್, ಮಂದ ಬೆಳಕಿಗೂ ಒದಗುವ ಎಫ್/2.0 ಲೆನ್ಸ್, ನಾಲ್ಕು ಪಟ್ಟು ಜೂಮ್, ಕ್ಯಾಮೆರಾ ತಾನಾಗಿ ತಿದ್ದದ ಕಚ್ಚಾ ಕಡತ (ರಾ) ಉಳಿಸುವ ಸೌಲಭ್ಯ ಇವೆ. ಹೊರಗವಚವಿಲ್ಲದೆಯೇ 15 ಮೀಟರ್ ಆಳದವರೆಗೆ ಒಯ್ಯಬಹುದು. ಅದಕ್ಕೆಂದೇ ತಯಾರಿಸಿದ ಕವಚ ತೊಡಿಸಿದರೆ 45 ಮೀಟರ್‌ವರೆಗೆ. ಉಸಿರುಕೊಳವೆ ಕಚ್ಚಿ ನೀರಿನ ಮೇಲ್ಮಟ್ಟದಲ್ಲೇ ಈಜುತ್ತಾ ನೋಡುವ ಸ್ನಾರ್ಕೆಲಿಂಗ್ ಮಾಡುವವರಿಗೆ ಕವಚದ ಅಗತ್ಯವೇ ಬೀಳುವುದಿಲ್ಲ. ಸುಮಾರು ಕಾಲು ಕಿಲೋ ತೂಗುವ ಈ ಕ್ಯಾಮೆರಾ ನೀರಿನಲ್ಲಿ ಮುಳುಗುತ್ತದೆಯಾದ್ದರಿಂದ ತೇಲುವ ಕೈಪಟ್ಟಿಯನ್ನು ಮೊದಲ ದಿನವೇ ಕೊಳ್ಳಬೇಕು. ಆ ಪಟ್ಟಿ ಗಿಡ್ಡವಾಗಿರಲಿ. ಉದ್ದ ಪಟ್ಟಿಯಲ್ಲಿ ತೂಗಾಡುವ ಕ್ಯಾಮೆರಾ ಹವಳಕ್ಕೆ ಬಡಿಯುತ್ತಾ ಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಬಣ್ಣದ ವಿಷಯದಲ್ಲಿ ಇದು ಬಹಳ ನೆರವಾಗುತ್ತದೆ. ನೀರು ಮೊದಲು ನುಂಗುವುದು ಕೆಂಪನ್ನು. ಐದಾರು ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಮಂಕಾಗಿ, ಹತ್ತು ಮೀಟರ್ ದಾಟಿದರೆ ಎಲ್ಲವೂ ನೀಲಿ ಹಸಿರಾಗಿಬಿಡುತ್ತದೆ. ಮೇಲ್ನೀರು, ನಡುನೀರು, ಆಳನೀರು ಎಂದು ಮೂರು ಬಗೆಯ ಬಣ್ಣ ಹೊಂದಾಣಿಕೆ ಇದರಲ್ಲಿದ್ದು, ಒತ್ತಡವನ್ನು ಅಳೆದು ಎಷ್ಟು ಆಳದಲ್ಲಿದ್ದೇವೆಂಬುದನ್ನೂ ಪರದೆಯ ಮೇಲೆ ತೋರಿಸುವುದರಿಂದ ಯಾವುದನ್ನು ಆರಿಸಬೇಕೆಂಬ ಗೊಂದಲ ಉಳಿಯುವುದಿಲ್ಲ.

ಇನ್ನು ನಾನು ಮಾಡಿದ ತಪ್ಪಿನ ಮಾತು. ಅಂಡಮಾನಿನ ಶಹೀದ್ ದ್ವೀಪದಲ್ಲಿ, ಹಿಂದೆ ನೀಲ್ ಎಂದು ಕರೆಯುತ್ತಿದ್ದ ಪುಟ್ಟ ದ್ವೀಪದಲ್ಲಿ, ಇಳಿತದ ಹೊತ್ತಿಗೆ ಎದೆಮಟ್ಟದ ನೀರಿನಲ್ಲಿ ಒಂದು ಜೋಡಿ ಕೋಡಂಗಿ ಮೀನುಗಳ (ಕ್ಲೌನ್‌ಫಿಶ್) ಚಿತ್ರ ತೆಗೆಯುತ್ತಿದ್ದೆ. ಅವು ತಮ್ಮ ಆಸರೆಯಾದ, ಹೂವಿನಂತೆ ಕಾಣುವ ಸಾಗರಪುಷ್ಪವೆಂಬ ಜೀವಿಯಿಂದ ಹೊರಬಂದು ಲೆನ್ಸಿನ ಎದುರಿಗೇ ನುಗ್ಗುತ್ತಿದ್ದವು. ಪರದೆಯೊಳಗೆ ಅವು ದೊಡ್ಡದಾಗಿ ಕಂಡಷ್ಟೂ ನನಗೆ ಹಿಗ್ಗು. ಇನ್ನೊಂದು ಗೇಣು ಹತ್ತಿರ ಹೋಗಲು ಕಾಲು ಆಡಿಸಿದಾಗ ಹಿಂದೆ ಎಲ್ಲೋ ಒಣಕಡ್ಡಿ ಮುರಿದಂಥ ಸದ್ದು ಕೇಳಿಸಿತು. ತಿರುಗಿ ನೋಡಿದರೆ ಕಾಲಿಗೆ ತೊಟ್ಟ ಈಜುರೆಕ್ಕೆ (ಫಿನ್) ತಗುಲಿ ಕವಲುಹವಳದ ಒಂದು ಕೊಂಬೆ, ಕಿರುಬೆರಳಿನಷ್ಟು ಉದ್ದದ್ದು, ಮರಳಿನ ಮೇಲೆ ಬಿದ್ದಿತ್ತು. ಮುರಿದ ಕಡೆ ಅಚ್ಚ ಬಿಳುಪು. ಕವಲೊಡೆಯುವ ಹವಳಗಳು ಅನುಕೂಲವಿದ್ದರೆ ವರ್ಷಕ್ಕೆ ಕೆಲವು ಸೆಂಟಿಮೀಟರ್ ಬೆಳೆಯುತ್ತವೆ, ಗುಮ್ಮಟದಂಥ ಹವಳಗಳಾದರೆ ಹೆಚ್ಚುಕಡಿಮೆ ಒಂದೇ ಸೆಂಟಿಮೀಟರ್ ಎಂಬುದು ಆಮೇಲೆ ತಿಳಿಯಿತು. ಲೆನ್ಸಿನತ್ತ ನುಗ್ಗಿದ ಮೀನುಗಳು ಕುತೂಹಲದಿಂದ ಬಂದವಲ್ಲ, ಮನೆ ಕಾಯಲು ನನ್ನನ್ನು ಓಡಿಸುತ್ತಿದ್ದವು ಎಂಬುದೂ ಆಮೇಲೆಯೇ ತಿಳಿದದ್ದು. ಆ ಹೊತ್ತಿನ ಚಿತ್ರಗಳು ಚೆನ್ನಾಗಿ ಬಂದಿವೆ. ಅವನ್ನು ನಾನು ಯಾರಿಗೂ ತೋರಿಸುವುದಿಲ್ಲ.

ಮೈಸೂರಿಗೆ ಮರಳಿದ ಮೇಲೆ ಎರಡು ತಿಂಗಳು ಬೆಳಗಿನ ಹೊತ್ತು ಸರಸ್ವತೀಪುರಂನ ಈಜುಕೊಳಕ್ಕೆ ಹೋದೆ. ನಾಲ್ಕು ಜನ ಈಜುವ ಕಡೆ ಕ್ಯಾಮೆರಾ ಒಯ್ಯುವುದು ಸರಿಯಲ್ಲವೆಂದು, ಅದೇ ತೂಕಕ್ಕೆ ಮರಳು ತುಂಬಿದ ಸೋಪಿನ ಡಬ್ಬಿಯೊಂದನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದು, ಕಾಲಾಡಿಸದೆ ಅಡ್ಡಲಾಗಿ ತೇಲುವುದನ್ನು, ಹಿಂದೆ ಸರಿಯಬೇಕಾದಾಗ ಕಾಲು ಕೆಳಗೆ ಬಿಡದೆ ಸರಿಯುವುದನ್ನು ಅಭ್ಯಾಸ ಮಾಡಿದೆ. ಈ ಕ್ಯಾಮೆರಾ ಕೊಳ್ಳುವ ಪ್ರತಿಯೊಬ್ಬರಿಗೂ ನನ್ನ ಮೊದಲ ಸಲಹೆ ಇದೇ: ತೇಲುವುದು ಕೈವಶವಾಗುವವರೆಗೆ ಇದನ್ನು ದಿಬ್ಬಗಳ ಬಳಿಗೆ ಒಯ್ಯಬೇಡಿ. ನೇತ್ರಾಣಿಯಲ್ಲಿ ಮೊದಲ ಬಾರಿಗೆ ಸ್ಕೂಬಾ ಮಾಡುವವರಂತೂ ಕ್ಯಾಮೆರಾವನ್ನು ದೋಣಿಯಲ್ಲೇ ಬಿಟ್ಟು ಇಳಿಯುವುದು ಒಳ್ಳೆಯದು.

ಟಿಜಿ-6ರ ಹೆಸರುವಾಸಿ ಗುಣವೆಂದರೆ ಸೂಕ್ಷ್ಮದರ್ಶಕ ವಿಧಾನ. ಲೆನ್ಸಿನಿಂದ ಒಂದೇ ಸೆಂಟಿಮೀಟರ್ ದೂರದ ವಸ್ತುವೂ ಸ್ಪಷ್ಟವಾಗಿ ಮೂಡುತ್ತದೆ. 2020ರಲ್ಲಿ ಪ್ರಯಾಣವೆಲ್ಲ ನಿಂತಿದ್ದಾಗ ಹಿತ್ತಲಿನ ದಾಸವಾಳದ ಮೊಗ್ಗಿನ ಮೇಲಿನ ಗಿಡಹೇನು, ನಿರ್ಬಂಧ ಸಡಿಲವಾದ ಮೇಲೆ ಕಾವೇರಿಯ ಕಲ್ಲಿಗೆ ಅಂಟಿದ ಏರೋಪ್ಲೇನ್ ಚಿಟ್ಟೆಯ ಪೊರೆ, ಇವುಗಳನ್ನೆಲ್ಲ ಈ ವಿಧಾನದಲ್ಲಿ ನೋಡಿ ಬೆರಗಾಗಿದ್ದೇನೆ. ಸಮುದ್ರದಲ್ಲಿ ಮಾತ್ರ ಇದೇ ಗುಣ ಆಸೆ ಹುಟ್ಟಿಸಿ ಕೆಡಿಸುತ್ತದೆ. ಒಂದು ಸೆಂಟಿಮೀಟರ್‌ವರೆಗೆ ಹೋಗಬಹುದು ಎಂದಾಗ ಹೋಗಲೇಬೇಕು ಅನ್ನಿಸುತ್ತದೆ. ಅಲೆಯ ಒಂದು ನೂಕಿಗೆ ಕೈ ಆಸರೆ ಹುಡುಕುತ್ತದೆ. ಆಸರೆಯೆಂದು ಸಿಗುವುದು ಹವಳವೇ. ಕಲ್ಲಿನಂತೆಯೇ ಕಾಣುವ ಕಲ್ಲುಮೀನಿನ ಬೆನ್ನಮುಳ್ಳು ವಿಷದ್ದು ಎಂಬುದನ್ನೂ ನೆನಪಿಡಬೇಕು. ಬರಿಯ ಮರಳಿನ ಮೇಲೆ ಹರಿದಾಡುವ ಜೀವಿಗಳಿಗಷ್ಟೇ ನಾನೀಗ ಈ ವಿಧಾನವನ್ನು ಬಳಸುತ್ತೇನೆ. ಉಳಿದುದಕ್ಕೆ ಒಂದು ಮೊಳ ದೂರದಿಂದ ಕೊಂಚ ಜೂಮ್ ಮಾಡಿ, ಮನೆಗೆ ಬಂದು ಅಂಚು ಕತ್ತರಿಸಿಕೊಳ್ಳುತ್ತೇನೆ. 12 ಮೆಗಾಪಿಕ್ಸೆಲ್ ಅಷ್ಟಕ್ಕೆ ಸಾಕಾಗುತ್ತದೆ. ಲೆನ್ಸಿಗೆ ತೀರ ಹತ್ತಿರವಿರುವ ಒಳಗಿನ ಫ್ಲ್ಯಾಶ್ ನೀರಿನಲ್ಲಿ ತೇಲುವ ಕಣಗಳನ್ನೇ ಬೆಳಗಿ ಚಿತ್ರದ ತುಂಬ ಬಿಳಿ ಚುಕ್ಕೆ ಎಬ್ಬಿಸುತ್ತದೆ; ಎಲ್ಲ ಚಿಕ್ಕ ಕ್ಯಾಮೆರಾಗಳ ಹಣೆಬರಹ ಇದು. ಬೆಳಗಿನ ಹತ್ತರಿಂದ ಮಧ್ಯಾಹ್ನದವರೆಗಿನ ಬಿಸಿಲೇ ಮೇಲು.

ಹಕ್ಕಿಗಳಿಗೆ ಇದು ತಕ್ಕ ಕ್ಯಾಮೆರಾ ಅಲ್ಲ. 1940ರಲ್ಲಿ ಪಕ್ಷಿಧಾಮವಾದ, 2022ರಲ್ಲಿ ಜಾಗತಿಕ ಮಹತ್ವದ ಜೌಗುನೆಲೆಗಳ ರಾಮ್ಸಾರ್ ಪಟ್ಟಿಗೆ ಸೇರಿದ ರಂಗನತಿಟ್ಟಿನ ನಡುಗಡ್ಡೆಗಳಲ್ಲಿ ನಾಲ್ಕು ಪಟ್ಟು ಜೂಮ್ ಏನೇನೂ ಸಾಲದು. ಆದರೂ ಅಲ್ಲಿ ಕಂಡ ಒಂದು ಸಂಗತಿ ಈ ವಿಮರ್ಶೆಗೆ ಸೇರಬೇಕಾದದ್ದು. ಬಣ್ಣದ ಕೊಕ್ಕರೆಗಳು ಗೂಡುಕಟ್ಟಿದ್ದ ಮರದ ಬಳಿ ನಮ್ಮ ದೋಣಿಯಲ್ಲಿದ್ದವರೊಬ್ಬರು ಮೊಬೈಲ್ ಎತ್ತಿ ಹಿಡಿದು, “ಅಣ್ಣ, ಇನ್ನೊಸಿ ಹತ್ರಕ್ಕೆ ತಗೊಳಿ” ಎಂದರು. ದೋಣಿಯವರು ಹುಟ್ಟು ನಿಲ್ಲಿಸಿ, “ಬ್ಯಾಡಿ ಸಾ, ಮೊಟ್ಟೆ ಮ್ಯಾಲೆ ಕೂತವೆ. ಅವು ಎದ್ದೋದ್ರೆ ಕಾಗೆ ಕಾಯ್ಕೊಂಡವೆ” ಎಂದು ಅಷ್ಟಕ್ಕೇ ದೋಣಿ ತಿರುಗಿಸಿದರು. ನೇತ್ರಾಣಿಯ ಬಂಡೆಗಳ ಮೇಲೆ ಹಾರುವ ಬಿಳಿಹೊಟ್ಟೆಯ ಕಡಲ ಹದ್ದನ್ನು ಕಂಡಾಗಲೆಲ್ಲ ನನಗೆ ಆ ಮಾತು ನೆನಪಾಗುತ್ತದೆ.

ನಿರ್ವಹಣೆಯಲ್ಲಿ ಸೋಮಾರಿತನ ಸಲ್ಲದು. ಸಮುದ್ರದಿಂದ ಮೇಲೆ ಬಂದೊಡನೆ ಸಿಹಿನೀರಿನ ಬಕೆಟ್ಟಿನಲ್ಲಿ ಅರ್ಧ ಗಂಟೆ ನೆನೆಸಿ, ನೀರೊಳಗೇ ಗುಂಡಿಗಳನ್ನೆಲ್ಲ ಒತ್ತಿ ಒತ್ತಿ ಉಪ್ಪು ಬಿಡಿಸಿ, ಹಳೆಯ ಹತ್ತಿ ಪಂಚೆಯ ತುಂಡಿನಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಬ್ಯಾಟರಿಯ ಬಾಗಿಲು ತೆರೆಯುತ್ತೇನೆ. ಆ ಬಾಗಿಲಿನ ರಬ್ಬರ್ ಅಂಚಿನ ಮೇಲೆ ಒಂದು ಕೂದಲೆಳೆ ಕೂತರೂ ನೀರು ಒಳಗಿಳಿಯಬಹುದು. ವರ್ಷಕ್ಕೊಮ್ಮೆ ಆ ರಬ್ಬರನ್ನು ಬದಲಿಸಬೇಕೆಂದು ಕೈಪಿಡಿಯಲ್ಲಿದೆ. ನಾನು ಅದರಂತೆಯೇ ನಡೆದುಕೊಂಡದ್ದರಿಂದ ಇಂದಿಗೂ ಒಳಗೆ ಹನಿ ನೀರು ಸೇರಿಲ್ಲ. ಮೇಲಿರುವ ಜಿಪಿಎಸ್ ದಾಖಲೆಯ ಗುಂಡಿ ಚೀಲದಲ್ಲಿ ತಾನೇ ಸರಿದುಬಿಟ್ಟರೆ ಕ್ಯಾಮೆರಾ ಆರಿದ್ದರೂ ಬ್ಯಾಟರಿ ಖಾಲಿಯಾಗುತ್ತದೆ. ಇನ್ನೊಂದು ಬ್ಯಾಟರಿ ಜೊತೆಗಿರಲಿ. ಜಿಪಿಎಸ್ ಬಗ್ಗೆ ಮತ್ತೊಂದು ಮಾತು: ಅಪರೂಪದ ಜೀವಿಯ ಚಿತ್ರ ಹಂಚಿಕೊಳ್ಳುವ ಮುನ್ನ ಸ್ಥಳದ ವಿವರವನ್ನು ಅಳಿಸಿಹಾಕಿ. ಇಲ್ಲವಾದರೆ ಮರುವಾರವೇ ಅಲ್ಲಿ ಜಾತ್ರೆ ನೆರೆಯುತ್ತದೆ.

ಸನ್‌ಸ್ಕ್ರೀನ್ ಬಳಿದ ಬೆರಳು ಲೆನ್ಸನ್ನೂ ಕೆಡಿಸುತ್ತದೆ, ನೀರನ್ನೂ ಕೆಡಿಸುತ್ತದೆ. ಹವಳಕ್ಕೆ ಹಾನಿಯೆಂದು ಆಕ್ಸಿಬೆನ್ಜೋನ್ ಎಂಬ ರಾಸಾಯನಿಕ ಇರುವ ಸನ್‌ಸ್ಕ್ರೀನ್‌ಗಳ ಮಾರಾಟವನ್ನು ಹವಾಯಿ 2021ರಿಂದ ನಿಷೇಧಿಸಿದೆ. ನಾನು ಉದ್ದ ತೋಳಿನ ಈಜುಡುಪು ತೊಟ್ಟು ಸನ್‌ಸ್ಕ್ರೀನಿನ ಗೋಜನ್ನೇ ಬಿಟ್ಟಿದ್ದೇನೆ. ದಡಕ್ಕೆ ತೇಲಿಬಂದ ಸತ್ತ ಹವಳವನ್ನೂ ನೆನಪಿಗೆಂದು ಎತ್ತಿಕೊಳ್ಳುವಂತಿಲ್ಲ. ಗಟ್ಟಿಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅತಿ ಹೆಚ್ಚು ರಕ್ಷಣೆ ಕೊಡುವ ಮೊದಲನೇ ಅನುಸೂಚಿಯಲ್ಲಿವೆ.

ಈಗ ನನಗೆ ಈ ಕ್ಯಾಮೆರಾ ಅತಿ ಹೆಚ್ಚು ಒದಗಿಬರುತ್ತಿರುವುದು ಕೊಳ್ಳುವಾಗ ಯೋಚಿಸಿಯೂ ಇರದ ಕೆಲಸಕ್ಕೆ. ನೇತ್ರಾಣಿಯಲ್ಲಿ ಒಂದೇ ಹವಳದ ಗುಡ್ಡೆಯನ್ನು ಪ್ರತಿ ಭೇಟಿಯಲ್ಲೂ ಅದೇ ದಿಕ್ಕಿನಿಂದ, ಅದೇ ದೂರದಿಂದ ಚಿತ್ರಿಸುತ್ತೇನೆ. ನೀರು ಬಿಸಿಯಾದಾಗ ಹವಳ ತನ್ನೊಳಗೆ ಬಾಳುವ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ; ಜಗತ್ತಿನಾದ್ಯಂತ ನಾಲ್ಕನೆಯ ಬಾರಿಗೆ ಹೀಗೆ ಸಾಮೂಹಿಕವಾಗಿ ಆಗುತ್ತಿದೆ ಎಂದು ವಿಜ್ಞಾನಿಗಳು 2024ರ ಏಪ್ರಿಲಿನಲ್ಲಿ ಘೋಷಿಸಿದರು. ಅದಾದ ಮೇಲಿನ ಭೇಟಿಯಲ್ಲಿ ನನ್ನ ಗುಡ್ಡೆಯ ಒಂದು ಅಂಚು, ಅಂಗೈಯಗಲ, ಹಿಂದಿಗಿಂತ ತೆಳುಬಣ್ಣದ್ದಾಗಿ ಕಂಡಿತು. ಕ್ಯಾಮೆರಾ ತಾನೇ ಬಣ್ಣ ಸರಿಪಡಿಸುವುದರಿಂದ ಇಂಥ ಹೋಲಿಕೆ ನಂಬಲರ್ಹವಾಗುವುದಿಲ್ಲ. ಆದ್ದರಿಂದ ಬಿಳಿಯ ಪ್ಲಾಸ್ಟಿಕ್ ಹಾಳೆಯೊಂದನ್ನು ಕೈಯಲ್ಲೇ ಹಿಡಿದು ಅದರ ಮೇಲೆ ಬಣ್ಣ ಹೊಂದಿಸಿ, ಕಚ್ಚಾ ಕಡತದಲ್ಲಿ ಉಳಿಸುತ್ತೇನೆ. 2023ರಲ್ಲಿ ಟಿಜಿ-7 ಬಂದಿದೆ. ಈ ಹೋಲಿಕೆ ಅದೇ ಲೆನ್ಸಿನಲ್ಲಿ ಮುಂದುವರಿಯಬೇಕಾದ್ದರಿಂದ ನಾನು ಬದಲಿಸುವವಳಲ್ಲ. ಹೊಸ ರಬ್ಬರ್ ತರಿಸಿಟ್ಟಿದ್ದೇನೆ. ಮಳೆಗಾಲ ಮುಗಿದು ದೋಣಿಗಳು ಮತ್ತೆ ನೇತ್ರಾಣಿಗೆ ಹೊರಡುವ ಹೊತ್ತಿಗೆ ಆ ಅಂಚನ್ನು ಇನ್ನೊಮ್ಮೆ ನೋಡಬೇಕು.