ಹುಗ್ಗಿ ಬಡಿಸಲು ತಿನ್ನುವ ಕಪ್ಪೋ, ಜೋಳದ ಚಮಚವೋ?

ಮೊದಲೇ ಹೇಳಿಬಿಡುತ್ತೇನೆ, ನನಗೆ ಹಿಡಿಸಿದ್ದು ಊಟದ ಜೊತೆ ತಿಂದುಬಿಡಬಹುದಾದ ಜೋಳದ ಹಿಟ್ಟಿನ ಚಮಚ. ತಿನ್ನುವ ಕಪ್ಪಿಗೆ ಕೊಟ್ಟ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಜುಲೈನಲ್ಲಿ ಧಾರವಾಡದ ನಮ್ಮ ಮನೆಯಲ್ಲಿ ತಂಗಿ ಮಗುವಿನ ತೊಟ್ಟಿಲ ಕಾರ್ಯಕ್ರಮ ಇತ್ತು. 60 ಜನ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಚಮಚ, ಕಪ್ಪು 2022ರ ಜುಲೈ 1ರಿಂದಲೇ ನಿಷೇಧ. ಕಾಗದದ ಕಪ್ಪಿನ ಒಳಗೂ ಸಾಮಾನ್ಯವಾಗಿ ತೆಳು ಪ್ಲಾಸ್ಟಿಕ್ ಪೊರೆ ಇರುತ್ತದೆ, ಅದೂ ಬೇಡ ಅನ್ನಿಸಿತು. ಹಾಗಾಗಿ ಗೋಧಿ ಹುಗ್ಗಿಗೆ ಮೈದಾದಿಂದ ಮಾಡಿದ 30 ತಿನ್ನುವ ಕಪ್ಪು ತರಿಸಿದೆ. ಉಳಿದ 30 ಜನರಿಗೆ ಮುತ್ತುಗದ ಎಲೆಯ ದೊನ್ನೆ, ಜೋಳದ ಚಮಚ.

ಕಪ್ಪಿನ ಗೋಳು ಶುರುವಾಗಿದ್ದು ಹಿಂದಿನ ರಾತ್ರಿ. ಎಣಿಸಿ ಇಡೋಣ ಅಂತ ಪ್ಯಾಕೆಟ್ ಒಡೆದು ತಟ್ಟೆಯಲ್ಲಿ ಜೋಡಿಸಿದೆ. ಹೊರಗೆ ಜಿಟಿಜಿಟಿ ಮಳೆ. ಬೆಳಿಗ್ಗೆ ಮುಟ್ಟಿದರೆ, ಡಬ್ಬಿ ಮುಚ್ಚಳ ತೆರೆದಿಟ್ಟ ಹಪ್ಪಳದ ಹಾಗೆ ಮೆತ್ತಗೆ! ಇಂಥ ತೆಳು ಕಪ್ಪು ಕೆಡಲು ಗಾಳಿಯ ತೇವವೇ ಸಾಕು. ಹಂಚಿನ ಮೇಲೆ ಬೆಚ್ಚಗೆ ಮಾಡಿದೆ. ಗರಿಗರಿಯಾದವು, ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಕಥೆ. ಬಿಸಿ ಹುಗ್ಗಿ ಬಿದ್ದ ಮೇಲಂತೂ ತಳ ನೆನೆದು, ನಮ್ಮ ಅತ್ತೆಯ ಇಳಕಲ್ ಸೀರೆ ಮೇಲೆ ತುಪ್ಪ ಇಳಿಯಿತು.

ನನಗೆ ಜಾಸ್ತಿ ಬೇಜಾರಾಗಿದ್ದು ಬೇರೆ. ತೇವ ತಾಗಬಾರದು ಅಂತ ಐದೈದು ಕಪ್ಪಿಗೊಂದು ಪ್ಲಾಸ್ಟಿಕ್ ಕವರ್ ಹಾಕಿದ್ದರು. 30 ಕಪ್ಪಿಗೆ ಆರು ಕವರ್. ಪ್ಲಾಸ್ಟಿಕ್ ಬೇಡ ಅಂತಲೇ ಅಲ್ವಾ ಇದನ್ನು ಕೊಂಡಿದ್ದು? ಮಾರುವಾಗ ಈ ಮಾತು ಯಾರೂ ಹೇಳಲಿಲ್ಲ.

ಚಮಚ ರಟ್ಟಿನ ಡಬ್ಬಿಯಲ್ಲಿ ಬಂದಿತ್ತು. ಹೈದರಾಬಾದಿನ ನಾರಾಯಣ ಪೀಸಪಾಟಿ ಜೋಳ, ಅಕ್ಕಿ, ಗೋಧಿ ಹಿಟ್ಟಿನ ಇಂಥ ಚಮಚ ಮಾಡಿ ಹೆಸರಾದವರು. ಖಡಕ್ ರೊಟ್ಟಿಯ ಚೂರಿನಲ್ಲಿ ಪಲ್ಯ ಎತ್ತಿ ತಿನ್ನುವ ನಮ್ಮ ಕಡೆಯವರಿಗೆ ಇದರ ಗುಟ್ಟು ಹೊಸದಲ್ಲ. ತೇವ ಪೂರ್ತಿ ಆರಿಸಿದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಚಮಚವೂ ಹಾಗೇ ಒಣಗಿಸಿದ್ದು, ಮೇಲಾಗಿ ದಪ್ಪ. ಬಿಸಿ ಹುಗ್ಗಿಯಲ್ಲೂ ಹದಿನೈದು ನಿಮಿಷ ಮುರಿಯದೆ ನಿಂತಿತು.

ರುಚಿ ಸಪ್ಪೆ. ಮಕ್ಕಳು ತುಪ್ಪ ಹತ್ತಿದ ಚಮಚವನ್ನು ಕಟುಂ ಕಟುಂ ಅಂತ ತಿಂದರು. ದೊಡ್ಡವರು ಬಿಟ್ಟಿದ್ದು ಪಕ್ಕದ ಮನೆ ಎಮ್ಮೆಗೆ, ದೊನ್ನೆಗಳು ಗೊಬ್ಬರದ ಗುಂಡಿಗೆ.

ಕಪ್ಪಿಗೆ 12 ರೂಪಾಯಿ ಕೊಟ್ಟಿದ್ದೆ. ಚಮಚ 5, ದೊನ್ನೆ ಒಂದೂವರೆ. ಇಪ್ಪತ್ತು ಜನರೊಳಗಾದರೆ ನಾನು ಸ್ಟೀಲ್ ಚಮಚವನ್ನೇ ತೊಳೆದುಕೊಳ್ಳುತ್ತೇನೆ. ಜಾಸ್ತಿ ಜನ ಬಂದರೆ ಜೋಳದ್ದೇ. ಕಪ್ಪು ಮತ್ತೆ ತಂದರೆ ಏಪ್ರಿಲ್ ಬಿಸಿಲಲ್ಲಿ, ಐಸ್‌ಕ್ರೀಮಿಗೆ. ಆಗಲೂ ಪ್ಯಾಕೆಟ್ ಒಡೆಯುವುದು ಬಡಿಸುವ ಹೊತ್ತಿಗೇ.