ತಿಂಗಳ ಸಂಕಲ್ಪದ ಲೆಕ್ಕಕ್ಕೆ ಗೋಡೆಯ ಕ್ಯಾಲೆಂಡರೋ, ಮೊಬೈಲ್ ಆ್ಯಪೋ, ನೋಟ್‌ಬುಕ್ಕೋ?

ಮುಂಬಯಿಯ ಮುಲುಂಡ್‌ನಲ್ಲಿರುವ ನಮ್ಮ ಮನೆಯಲ್ಲಿ ನಾಲ್ವರಿದ್ದೇವೆ: ನಾನು, ಪತಿ, ಕಾಲೇಜಿಗೆ ಹೋಗುವ ಮಗಳು ಮತ್ತು ಅತ್ತೆಯವರು. ಹೊಸ ವರ್ಷಕ್ಕೆ ಹತ್ತಾರು ನಿರ್ಧಾರಗಳನ್ನು ಒಟ್ಟಿಗೆ ತಲೆಗೆ ಕಟ್ಟಿಕೊಳ್ಳುವ ಬದಲು ತಿಂಗಳಿಗೆ ಒಂದೇ ಸಂಕಲ್ಪವೆಂದು ಗೊತ್ತುಮಾಡಿಕೊಂಡು, ಸಂಜೆಯ ನಡಿಗೆ, ಚಹಾಕ್ಕೆ ಸಕ್ಕರೆ ಹಾಕುವುದನ್ನು ಬಿಡುವುದು, ಅಡುಗೆಯಲ್ಲಿ ಉಪ್ಪು ತಗ್ಗಿಸುವುದು, ರಾತ್ರಿ ಹನ್ನೊಂದಕ್ಕೆ ಮೊದಲು ಮಲಗುವುದು ಹೀಗೆ ಒಂದೊಂದನ್ನಾಗಿ ಹಿಡಿದೆವು. ಅದರ ಲೆಕ್ಕವಿಡಲು ಗೋಡೆಯ ಕ್ಯಾಲೆಂಡರ್, ಮೊಬೈಲ್ ಆ್ಯಪ್, ಕೈಬರಹದ ನೋಟ್‌ಬುಕ್ ಮೂರನ್ನೂ ಬಳಸಿ ನೋಡಿದ್ದೇವೆ. ಮನೆಯವರೆಲ್ಲ ಕೂಡಿ ಮಾಡುವ ಅಭ್ಯಾಸಕ್ಕೆ ಗೋಡೆಗಿಂತ ಒಳ್ಳೆಯದು ಬೇರೆ ಇಲ್ಲ, ಒಬ್ಬರೇ ಮಾಡುವ ಮತ್ತು ವಾರಕ್ಕೆ ಇಷ್ಟು ಸಲ ಎಂಬ ಬಗೆಯ ಅಭ್ಯಾಸಕ್ಕೆ ಆ್ಯಪ್ ಮೇಲು, ಏನನ್ನಾದರೂ ಬಿಡುವ ಸಂಕಲ್ಪಕ್ಕೆ ಮಾತ್ರ ಈ ಮೂರೂ ಹೆಚ್ಚು ನೆರವಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಗೋಡೆಯ ಕ್ಯಾಲೆಂಡರ್ ಎಂದರೆ ಈ ಊರಿನಲ್ಲಿ ಹೆಚ್ಚಾಗಿ ಕಾಲನಿರ್ಣಯವೇ. ಜಯಂತರಾವ್ ಸಾಳಗಾಂವ್ಕರ್ ಅವರು 1973ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಈ ಕ್ಯಾಲೆಂಡರ್ ಇಂದು ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಬರುತ್ತದೆ. ತಿಂಗಳಿಗೊಂದು ಪುಟ, ದಿನಕ್ಕೊಂದು ಚೌಕ, ಹಿಂಬದಿಯಲ್ಲಿ ಲೇಖನ, ಅಡುಗೆ ಇತ್ಯಾದಿ. ಇಲ್ಲಿನ ಮನೆಗಳಲ್ಲಿ ಹಾಲಿನವನ ಮತ್ತು ಮನೆಗೆಲಸದ ಬಾಯಿಯ ಖಾಡಾಗಳನ್ನು, ಅಂದರೆ ಬಾರದ ದಿನಗಳನ್ನು, ಅದರ ಮೇಲೆಯೇ ಗುರುತು ಹಾಕುವ ರೂಢಿ ಹಳೆಯದು. ಆದ್ದರಿಂದ ಅಲ್ಲಿ ಇನ್ನೊಂದು ಗೀರು ಸೇರುವುದಕ್ಕೆ ಯಾರನ್ನೂ ಒಪ್ಪಿಸಬೇಕಾಗಲಿಲ್ಲ. ಮೊಳೆಗೆ ದಾರ ಕಟ್ಟಿ ಒಂದು ಪೆನ್ಸಿಲ್ ಇಳಿಬಿಟ್ಟಿದ್ದೇವೆ. ಅತ್ತೆಯವರದು ಚೌಕದ ಎಡ ಅಂಚಿನಲ್ಲಿ ನೆಟ್ಟಗಿನ ಗೀರು, ನನ್ನದು ಅಡ್ಡಗೀರು, ಪತಿಯದು ಚುಕ್ಕೆ. ಮಗಳು ಮಾತ್ರ ತನ್ನ ಹಸಿರು ಸ್ಕೆಚ್ ಪೆನ್ನನ್ನು ಬಿಟ್ಟುಕೊಡಲಿಲ್ಲ. ತಿಥಿ, ನಕ್ಷತ್ರ, ಸಂಕಷ್ಟಿಯ ಚಂದ್ರೋದಯದ ಸಮಯಗಳೆಲ್ಲ ಅಚ್ಚಾಗಿರುವ ಚೌಕದಲ್ಲಿ ನಾಲ್ವರ ಗುರುತು ಹಿಡಿಸುವುದು ಕಷ್ಟವೇ, ಆದರೂ ಹಿಡಿಸುತ್ತದೆ. ಹಾಲಿನ ಲೆಕ್ಕದಂತೆ ತಪ್ಪಿದ ದಿನಕ್ಕಷ್ಟೇ ಗುರುತು ಹಾಕೋಣ ಎಂದು ಪತಿ ಸೂಚಿಸಿದ್ದರು. ಆದರೆ ಹಾಗೆ ಮಾಡಿದರೆ ಗುರುತು ಹಾಕಲು ಮರೆತ ದಿನಗಳೆಲ್ಲ ಪಾಲಿಸಿದ ದಿನಗಳ ಲೆಕ್ಕಕ್ಕೆ ಸೇರಿಬಿಡುತ್ತವೆ. ಆದ್ದರಿಂದ ಮಾಡಿದ ದಿನಕ್ಕೇ ಗುರುತು ಹಾಕುವುದು ಒಳಿತು.

ಗೋಡೆಯ ಬಲವಿರುವುದು ಅದು ಎಲ್ಲರ ಕಣ್ಣಿಗೂ ಬೀಳುತ್ತದೆ ಎಂಬುದರಲ್ಲಿ. ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ನಿಲ್ದಾಣದಿಂದ ಸ್ಲೋ ಲೋಕಲ್ ರೈಲಿನಲ್ಲಿ ಬಂದಿಳಿದ ಪತಿ ನೀರು ಕುಡಿಯಲು ಅಡುಗೆಮನೆಗೆ ಬರಲೇಬೇಕು, ಬಂದರೆ ಅದು ಕಾಣಲೇಬೇಕು. ಅವರ ಸಂಜೆಯ ನಡಿಗೆಗೆ ಆ್ಯಪ್‌ನಲ್ಲಿ ಸಂಜೆ ಏಳಕ್ಕೆ ಅಲಾರಂ ಇಟ್ಟಾಗ, ಅದು ಕುರ್ಲಾ ಮತ್ತು ಘಾಟ್ಕೋಪರ್ ನಡುವೆ, ಕೈಯೆತ್ತಲೂ ಜಾಗವಿಲ್ಲದ ಡಬ್ಬಿಯಲ್ಲಿ ಜೇಬಿನೊಳಗೆ ಅಲುಗುತ್ತಿತ್ತು. ಮನೆ ಸೇರುವ ಹೊತ್ತಿಗೆ ಆ ನೆನಪೇ ಇರುತ್ತಿರಲಿಲ್ಲ. ಗಡಿಯಾರದ ಹೊತ್ತಿಗಿಂತ ದಿನವೂ ತಪ್ಪದೆ ನಡೆಯುವ ಒಂದು ಘಟನೆಗೆ ಅಭ್ಯಾಸವನ್ನು ಕಟ್ಟುವುದು ಹೆಚ್ಚು ಫಲಕಾರಿ. ಹೀಗಾಗಿ ಅವರ ನಡಿಗೆ ಈಗ 'ಸ್ಟೇಶನ್‌ನಲ್ಲಿ ಇಳಿದೊಡನೆ ರಿಕ್ಷಾ ಹಿಡಿಯದೆ ಮನೆಗೆ' ಎಂಬ ರೂಪ ತಾಳಿದೆ.

ಅಭ್ಯಾಸ ಬೇರೂರಲು ಎಷ್ಟು ದಿನ ಬೇಕೆಂಬ ಪ್ರಶ್ನೆ ಈ ಹೋಲಿಕೆಗೆ ನೇರವಾಗಿ ಸಂಬಂಧಿಸಿದ್ದು. ಇಪ್ಪತ್ತೊಂದು ದಿನ ಎಂಬ ಮಾತು ಅಮೆರಿಕದ ಪ್ಲಾಸ್ಟಿಕ್ ಶಸ್ತ್ರವೈದ್ಯ ಮ್ಯಾಕ್ಸ್‌ವೆಲ್ ಮಾಲ್ಟ್ಸ್ 1960ರಲ್ಲಿ ಬರೆದುದರಿಂದ ಹಬ್ಬಿದ್ದು; ಅದು ತನ್ನ ರೋಗಿಗಳು ಬದಲಾದ ರೂಪಕ್ಕೆ ಹೊಂದಿಕೊಳ್ಳುವ ಬಗೆಯನ್ನು ಕಂಡು ಅವರು ಹೇಳಿದ ಮಾತು, ಅಭ್ಯಾಸಗಳ ಮೇಲೆ ನಡೆಸಿದ ಪ್ರಯೋಗದ ಫಲವಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು 12 ವಾರಗಳ ಕಾಲ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆ ಅವಧಿ ಸುಮಾರು 66 ದಿನವೆಂದು ಕಂಡುಬಂತು. ಅವರ ಅಂದಾಜಿನಂತೆ ವ್ಯಕ್ತಿಯಿಂದ ವ್ಯಕ್ತಿಗೆ ಅದು 18ರಿಂದ 254 ದಿನಗಳವರೆಗೆ ಬದಲಾಗುತ್ತಿತ್ತು; 12 ವಾರ ಮೀರಿದ ಸಂಖ್ಯೆಗಳು ಲೆಕ್ಕ ಹಾಕಿ ಮುಂದಕ್ಕೆ ಊಹಿಸಿದವು. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವಿಲ್ಲ ಎಂಬುದೂ ಅಲ್ಲಿ ತಿಳಿಯಿತು. ಅಂದರೆ ತಿಂಗಳ ಸಂಕಲ್ಪವೊಂದು ಆ ತಿಂಗಳಲ್ಲೇ ಅಭ್ಯಾಸವಾಗಿಬಿಡುವುದು ಅಪರೂಪ. ಹೊಸದನ್ನು ಹಿಡಿದರೂ ಹಳೆಯದರ ಮೇಲೆ ಇನ್ನೊಂದೆರಡು ತಿಂಗಳು ಕಣ್ಣಿಡಬೇಕಾಗುತ್ತದೆ. ಗೋಡೆಯ ಕ್ಯಾಲೆಂಡರ್ ಸೋಲುವುದು ಇಲ್ಲಿಯೇ. ಒಂದನೇ ತಾರೀಖಿನಂದು ಪುಟ ತಿರುವಿದೊಡನೆ ಹೋದ ತಿಂಗಳ ಗೀರುಗಳೆಲ್ಲ ಹಿಂದೆ ಸರಿಯುತ್ತವೆ, ಅವುಗಳೊಡನೆ ಸಂಕಲ್ಪವೂ ಸರಿಯುತ್ತದೆ.

ಆ್ಯಪ್‌ಗಳಿಗೆ ಈ ತೊಂದರೆಯಿಲ್ಲ. ನಾನು ಬಳಸುವ ಲೂಪ್ ಹ್ಯಾಬಿಟ್ ಟ್ರ್ಯಾಕರ್ ಆಂಡ್ರಾಯ್ಡ್ ಫೋನ್‌ಗಳಿಗೆ ಉಚಿತವಾಗಿ ಸಿಗುವ ಮುಕ್ತ ತಂತ್ರಾಂಶ. ಖಾತೆ ತೆರೆಯಬೇಕಿಲ್ಲ, ಮಾಹಿತಿ ಫೋನಿನಲ್ಲಿಯೇ ಉಳಿಯುತ್ತದೆ. ಒಂದು ದಿನ ತಪ್ಪಿದರೆ ಅದು ಅಂಕವನ್ನು ಸೊನ್ನೆಗೆ ಇಳಿಸುವುದಿಲ್ಲ, ತುಸು ತಗ್ಗಿಸುತ್ತದೆ ಅಷ್ಟೆ. ಮಗಳು ಮೊದಲು ಹಣ ಕೊಟ್ಟು ಹಾಕಿಸಿಕೊಂಡಿದ್ದ ಇನ್ನೊಂದು ಆ್ಯಪ್ ಹೀಗಿರಲಿಲ್ಲ. ಎಡೆಬಿಡದೆ ನಡೆದ ದಿನಗಳನ್ನಷ್ಟೇ ಅದು ಎಣಿಸುತ್ತಿತ್ತು. ಗಣೇಶ ಚತುರ್ಥಿಗೆ ಕುಂದಾಪುರಕ್ಕೆ ಹೋಗಿ ಬರುವಷ್ಟರಲ್ಲಿ ಎಣಿಕೆ ಸೊನ್ನೆಗೆ ಇಳಿದಿತ್ತು, ಅವಳು ವ್ಯಾಯಾಮವನ್ನೂ ಆ್ಯಪನ್ನೂ ಒಟ್ಟಿಗೆ ಕೈಬಿಟ್ಟಳು. ಅವಳ ಗೆಳತಿಯರು ಬಳಸುವ ಹ್ಯಾಬಿಟಿಕಾ ಇದನ್ನೆಲ್ಲ ಆಟವಾಗಿಸುತ್ತದೆ: ದಿನದ ಕೆಲಸ ತಪ್ಪಿದರೆ ಆಟದ ಪಾತ್ರದ ಆರೋಗ್ಯ ಕುಗ್ಗುತ್ತದೆ, ಗುಂಪಾಗಿ ಆಡುವಾಗ ಒಬ್ಬರ ಸೋಮಾರಿತನಕ್ಕೆ ಜೊತೆಗಾರರೂ ಪೆಟ್ಟು ತಿನ್ನಬೇಕಾಗುತ್ತದೆ. ಅದು ಆ ವಯಸ್ಸಿನವರಿಗೆ ಒಗ್ಗಬಹುದು. ಅತ್ತೆಯವರ ಮುಂದೆ ಅದನ್ನು ಇಡುವ ಧೈರ್ಯ ನನಗಿಲ್ಲ.

ಆ್ಯಪ್ ನಿಜವಾಗಿ ಗೆಲ್ಲುವುದು ದಿನವೂ ಮಾಡಬೇಕಿಲ್ಲದ ಅಭ್ಯಾಸಗಳಲ್ಲಿ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ವಾರಕ್ಕೆ ಮೂರು ದಿನ ಐವತ್ತು ನಿಮಿಷದಂತೆ ಮಾಡಿದರೂ ಇದು ಪೂರೈಸುತ್ತದೆ. ಆದರೆ ಕ್ಯಾಲೆಂಡರಿನಲ್ಲಿ ಉಳಿದ ನಾಲ್ಕು ಖಾಲಿ ಚೌಕಗಳು ಸುಮ್ಮನೆ ತಪ್ಪಿತಸ್ಥರ ಭಾವ ಹುಟ್ಟಿಸುತ್ತವೆ. ವಾರಕ್ಕೆ ಮೂರು ಸಲ ಎಂದು ಮೊದಲೇ ಹೇಳಿಟ್ಟರೆ ಆ್ಯಪ್ ಆ ಬಿಡುವಿನ ದಿನಗಳನ್ನು ತಪ್ಪೆಂದು ಎಣಿಸುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಇಲ್ಲಿನ ಮಳೆಯಲ್ಲಿ ಹೊರಗಿನ ನಡಿಗೆ ದಿನವೂ ಸಾಗುವಂಥದ್ದಲ್ಲ. ಆಗ ಕಟ್ಟಡದ ಮೆಟ್ಟಿಲುಗಳನ್ನು ವಾರಕ್ಕೆ ಕೆಲವು ಸಲ ಹತ್ತಿಳಿಯುವ ಲೆಕ್ಕಕ್ಕೆ ನನಗೆ ಆ್ಯಪೇ ಬೇಕು.

ನೋಟ್‌ಬುಕ್ಕಿನ ಬಗ್ಗೆ ಬಹಳ ಹೇಳಬೇಕಿಲ್ಲ. ನ್ಯೂಯಾರ್ಕಿನ ವಿನ್ಯಾಸಕಾರ ರೈಡರ್ ಕ್ಯಾರೊಲ್ 2013ರಲ್ಲಿ ಪರಿಚಯಿಸಿದ, ಕೆಲಸಗಳನ್ನು ಚಿಕ್ಕ ಗುರುತುಗಳೊಡನೆ ಪುಸ್ತಕದಲ್ಲಿ ಬರೆದಿಡುವ ಬುಲೆಟ್ ಜರ್ನಲ್ ಎಂಬ ಪದ್ಧತಿ ಈಗ ಬಣ್ಣಬಣ್ಣದ ಚಿತ್ತಾರಗಳ ಹವ್ಯಾಸವಾಗಿ ಬೆಳೆದಿದೆ. ಆ ಚಿತ್ತಾರಕ್ಕೆ ತಗಲುವ ಹೊತ್ತಿನಲ್ಲಿ ಒಂದು ಸುತ್ತು ನಡೆದು ಬರಬಹುದು. ಸಾದಾ ಚೌಕುಳಿ ಪುಸ್ತಕದಲ್ಲಿ ಅಡ್ಡಕ್ಕೆ ತಾರೀಖು, ಉದ್ದಕ್ಕೆ ಅಭ್ಯಾಸ ಎಂದು ಗೆರೆ ಎಳೆದುಕೊಳ್ಳುವುದೇ ಸಾಕು. ಅದರ ಒಂದು ಗುಣವನ್ನು ಮಾತ್ರ ಮರೆಯಲಾಗದು: ಪ್ರತಿ ತಿಂಗಳು ಹೊಸ ಗೆರೆ ಎಳೆಯಬೇಕಾಗುವುದರಿಂದ, ಹಳೆಯ ಸಂಕಲ್ಪವನ್ನು ಮುಂದುವರಿಸಬೇಕೋ ಬಿಡಬೇಕೋ ಎಂದು ನಿಂತು ಯೋಚಿಸಲೇಬೇಕಾಗುತ್ತದೆ. ಮನೆಯವರಿಗೂ ತೋರಿಸಲು ಇಷ್ಟವಿಲ್ಲದ ಸಂಕಲ್ಪ, ಉದಾಹರಣೆಗೆ ಸಿಡುಕದೆ ಮಾತಾಡುವುದು, ಇಲ್ಲಿ ಇರಬಹುದು. ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ದಿನವೂ ವರದಿ ಹಾಕುವ ನಾಲ್ಕನೆಯ ದಾರಿಯನ್ನೂ ನೋಡಿದೆವು. ಶುಭೋದಯದ ಹೂವುಗಳ ನಡುವೆ ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಇನ್ನು ಬಿಡುವ ಮತ್ತು ತಗ್ಗಿಸುವ ಸಂಕಲ್ಪಗಳು. 'ಇಂದು ಉಪ್ಪು ಕಡಿಮೆ ತಿಂದೆ' ಎಂದು ಗೀರು ಹಾಕುವುದರಲ್ಲಿ ಅರ್ಥವಿಲ್ಲ, ಏಕೆಂದರೆ ಕಡಿಮೆ ಎಂದರೆ ಎಷ್ಟೆಂದು ಹಾಕುವವರಿಗೇ ಗೊತ್ತಿರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಇರಬೇಕು. ನಾಲ್ವರಿಗೆ ದಿನಕ್ಕೆ 20 ಗ್ರಾಂ ಎಂದರೆ ಒಂದು ಕಿಲೋ ಪ್ಯಾಕೆಟ್ ಕನಿಷ್ಠ 50 ದಿನ ಬರಬೇಕು. ಅದು 30 ದಿನಕ್ಕೇ ಮುಗಿದರೆ ತಲಾ 8 ಗ್ರಾಂ ದಾಟಿತೆಂದು ಅರ್ಥ. ಪ್ಯಾಕೆಟ್ ಒಡೆದ ತಾರೀಖನ್ನು ಅದರ ಮೇಲೆಯೇ ಬರೆದಿಡುವುದು ನನಗೆ ಆ್ಯಪ್‌ಗಿಂತ ಹೆಚ್ಚಿನ ಮಾಹಿತಿ ಕೊಟ್ಟಿದೆ. ಉಪ್ಪಿನಕಾಯಿ, ಹಪ್ಪಳ, ಪಾವ್ ಮತ್ತು ಹೊರಗಿನ ತಿಂಡಿಯಲ್ಲಿರುವ ಉಪ್ಪು ಈ ಲೆಕ್ಕಕ್ಕೆ ಸಿಗುವುದಿಲ್ಲವಾದ್ದರಿಂದ, ಪ್ಯಾಕೆಟ್ 50 ದಿನಕ್ಕಿಂತಲೂ ಹೆಚ್ಚು ಬಾಳಿದರೆ ಮಾತ್ರ ಸಮಾಧಾನಪಡಬೇಕು.

ಬಿಡುವ ಸಂಕಲ್ಪದಲ್ಲಿ ನಮ್ಮ ಮನೆಯ ನಿಜವಾದ ಪರಿಣತರು ಅತ್ತೆಯವರು. ಆಷಾಢ ಶುದ್ಧ ಏಕಾದಶಿಯ ಬಳಿಕ ಅವರ ಚಾತುರ್ಮಾಸ್ಯ ವ್ರತ ತೊಡಗುತ್ತದೆ: ಮೊದಲ ತಿಂಗಳು ಶಾಕ ವ್ರತದಲ್ಲಿ ತರಕಾರಿಯಿಲ್ಲ, ಎರಡನೆಯದರಲ್ಲಿ ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ, ನಾಲ್ಕನೆಯದು ದ್ವಿದಳ ವ್ರತವಾದ್ದರಿಂದ ಬೇಳೆಕಾಳುಗಳಿಲ್ಲ. ತಿಂಗಳಿಗೊಂದು ನಿಯಮ, ಆರಂಭ ಮತ್ತು ಅಂತ್ಯ ಪಂಚಾಂಗದಲ್ಲೇ ನಿಗದಿ, ಅರೆಬರೆಗೆ ಎಡೆಯಿಲ್ಲ. ಅವರು ಇದಕ್ಕೆ ಎಂದೂ ಗೀರು ಹಾಕಿದವರಲ್ಲ, ಏಕೆಂದರೆ ವರ್ಜ್ಯವಾದ ಪದಾರ್ಥ ಅವರ ಅಡುಗೆಯ ಹತ್ತಿರವೇ ಸುಳಿಯುವುದಿಲ್ಲ. ಇದನ್ನು ಕಂಡು ನಾವೂ ಬಿಸ್ಕೆಟ್, ಖಾರಿ, ಫರಸಾಣದಂಥ ಕುರುಕಲು ತಿಂಡಿ ಬಿಡುವ ತಿಂಗಳಲ್ಲಿ ದಾಖಲೆಯ ಗೊಡವೆಗೆ ಹೋಗದೆ, ವಾಣಿಯ (ಕಿರಾಣಿಯವನ) ಅಂಗಡಿಗೆ ಕೊಡುವ ತಿಂಗಳ ಸಾಮಾನಿನ ಚೀಟಿಯಿಂದ ಅವನ್ನು ಹೊಡೆದುಹಾಕಿದೆವು. ರಾತ್ರಿ ಹತ್ತಕ್ಕೆ ಹಸಿದ ಮಗಳು ಡಬ್ಬಗಳನ್ನು ಒಂದೊಂದಾಗಿ ತೆರೆದು ನೋಡಿ, ಕೊನೆಗೆ ಗೊಣಗುತ್ತ ಶೇಂಗಾ ಹುರಿದುಕೊಂಡಳು.

ಮಲಗುವ ಹೊತ್ತಿನ ಸಂಕಲ್ಪಕ್ಕೆ ಮಾತ್ರ ಆ್ಯಪ್ ಸಲ್ಲದು. ಮಲಗಿದ ಹೊತ್ತನ್ನು ಗುರುತು ಹಾಕಲು ಹಾಸಿಗೆಯಲ್ಲಿ ಫೋನ್ ಹಿಡಿದವರು ಆ ಒಂದು ಗುರುತಿಗೇ ನಿಲ್ಲುವುದಿಲ್ಲ. ಹಾಗಾಗಿ ನಿದ್ದೆಯ ಲೆಕ್ಕ ಕ್ಯಾಲೆಂಡರಿನಲ್ಲಿದೆ. ಮರುದಿನ ಬೆಳಗ್ಗೆ ಚಹಾ ಕುದಿಯುವಷ್ಟರಲ್ಲಿ ಪ್ರತಿಯೊಬ್ಬರೂ ಹಿಂದಿನ ರಾತ್ರಿಯ ಚೌಕದಲ್ಲಿ ಗುರುತು ಹಾಕುತ್ತಾರೆ, ಮತ್ತು ಸುಳ್ಳು ಗುರುತು ಹಾಕಿದವರನ್ನು ಹಿಡಿಯುವ ಕೆಲಸವನ್ನು, ಎಲ್ಲರಿಗಿಂತ ತಡವಾಗಿ ನಿದ್ದೆ ಹತ್ತುವ ಅತ್ತೆಯವರು ವಹಿಸಿಕೊಂಡಿದ್ದಾರೆ.