ಹಳೆ ರಗ್ಗಾ ಜಂಗಲ್ ರೆಕಾರ್ಡ್: ಆನ್‌ಲೈನ್, ಅಂಗಡಿ, ಇಲ್ಲಾ ರೀಪ್ರೆಸ್?

ಅಂಗಡಿಗೆ ಹೋಗಿ, ಸೂಜಿ ಇಟ್ಟು ಕೇಳಿ, ಆಮೇಲೆ ದುಡ್ಡು ಕೊಡಿ. ನನ್ನ ತೀರ್ಪು ಇದೇ. ಪೂರ್ತಿ ಓದಲು ಪುರುಸೊತ್ತಿಲ್ಲದವರು ಇಲ್ಲಿಗೇ ನಿಲ್ಲಿಸಬಹುದು. 90ರ ದಶಕದ ರಗ್ಗಾ ಜಂಗಲ್ ರೆಕಾರ್ಡ್‌ಗಳನ್ನು ನಾನು ನಾಲ್ಕು ದಾರಿಯಲ್ಲಿ ಕೊಂಡು ನೋಡಿದ್ದೇನೆ: ಆನ್‌ಲೈನಿನಲ್ಲಿ ಹಳೆ ಒರಿಜಿನಲ್, ಅಂಗಡಿಯಲ್ಲಿ ಹಳೆ ಒರಿಜಿನಲ್, ಈಗ ಹೊಸದಾಗಿ ಒತ್ತಿಸಿದ ರೀಪ್ರೆಸ್, ಮತ್ತೆ ಹತ್ತಾರು ಟ್ರ್ಯಾಕ್ ಒಟ್ಟಿಗೆ ಬರುವ ಕಂಪೈಲೇಷನ್. ಜಾಸ್ತಿ ದುಡ್ಡು ಹೋಗಿದ್ದು ಮೊದಲನೆಯದಕ್ಕೆ. ಜಾಸ್ತಿ ತಲೆನೋವು ಕೊಟ್ಟಿದ್ದೂ ಅದೇ.

ಈ ಸಂಗೀತ ಕೇಳಿರದವರಿಗೆ ಎರಡು ಮಾತು. 90ರ ದಶಕದ ಮೊದಲರ್ಧ, ಲಂಡನ್. ಹಳೆ ಫಂಕ್ ರೆಕಾರ್ಡಿನ ಡ್ರಮ್ ತುಣುಕನ್ನು ಸ್ಯಾಂಪ್ಲರ್‌ಗೆ (ಸದ್ದಿನ ತುಣುಕು ಹಿಡಿದಿಟ್ಟು ಬೇಕಾದಂತೆ ನುಡಿಸುವ ಯಂತ್ರ) ಹಾಕಿ, ಚೂರು ಚೂರು ಮಾಡಿ, ನಿಮಿಷಕ್ಕೆ 160 ಬೀಟ್ ಆಸುಪಾಸಿನಲ್ಲಿ ಓಡಿಸುತ್ತಾರೆ. ಕೆಳಗೆ ಎದೆಗೆ ಗುದ್ದುವ ಬೇಸ್. ಮೇಲೆ ಜಮೈಕಾದ ಡ್ಯಾನ್ಸ್‌ಹಾಲ್ ಗಾಯಕರ ಪಟಪಟ ಮಾತು. ಆ ಡ್ರಮ್ ಎಷ್ಟೋ ಸಲ ಒಂದೇ ಕಡೆಯಿಂದ ಬಂದದ್ದು: ದಿ ವಿನ್‌ಸ್ಟನ್ಸ್ ತಂಡದ 1969ರ 'ಆಮೆನ್, ಬ್ರದರ್', ಅದರಲ್ಲಿರುವ ಬರೀ ನಾಲ್ಕು ಬಾರ್. 1994 ಇದರ ಸುಗ್ಗಿಯ ವರ್ಷ. ಎಂ-ಬೀಟ್ ಮತ್ತು ಜನರಲ್ ಲೆವಿಯ 'ಇನ್‌ಕ್ರೆಡಿಬಲ್' ಬ್ರಿಟನ್ ಚಾರ್ಟಿನಲ್ಲಿ 8ನೇ ಸ್ಥಾನಕ್ಕೆ ಹೋಯಿತು. ಅದೇ ವರ್ಷ ಶೈ ಎಫ್‌ಎಕ್ಸ್ ಮತ್ತು ಯುಕೆ ಅಪಾಚಿಯ 'ಒರಿಜಿನಲ್ ನಟ್ಟಾ' ಬಂತು. ಈ ಎರಡು ಬೇಕಾದವರು ಒದ್ದಾಡಬೇಕಿಲ್ಲ. ಚಾರ್ಟಿಗೆ ಹೋದದ್ದನ್ನು ರಾಶಿ ರಾಶಿ ಒತ್ತಿದ್ದಾರೆ, ಸೆಕೆಂಡ್ ಹ್ಯಾಂಡಿನಲ್ಲಿ ಆರಾಮಾಗಿ ಸಿಗುತ್ತದೆ. ಹುಡುಕಾಟ ಶುರುವಾಗುವುದು ವೈಟ್ ಲೇಬಲ್‌ಗಳಲ್ಲಿ, ಅಂದರೆ ಸ್ವಲ್ಪವೇ ಒತ್ತಿಸಿ, ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ಅಂಗಡಿ ಅಂಗಡಿಗೆ ಹಂಚಿದ, ಎಷ್ಟೋ ಸಲ ಹೆಸರೂ ಇಲ್ಲದ ರೆಕಾರ್ಡ್‌ಗಳಲ್ಲಿ.

ಆನ್‌ಲೈನ್ ಬಗ್ಗೆ ಮೊದಲು ಒಳ್ಳೆಯದನ್ನೇ ಹೇಳುತ್ತೇನೆ. ರೆಕಾರ್ಡ್‌ಗಳ ಮಾಹಿತಿ, ಮಾರಾಟ ಎರಡೂ ಇರುವ ವೆಬ್‌ಸೈಟ್ ಡಿಸ್ಕಾಗ್ಸ್ ಇಲ್ಲದಿದ್ದರೆ ನನ್ನಂಥವನಿಗೆ ಈ ಹುಚ್ಚು ಹತ್ತುತ್ತಲೇ ಇರಲಿಲ್ಲ. ಯಾವ ಟ್ರ್ಯಾಕ್ ಯಾವ ಲೇಬಲ್‌ನಲ್ಲಿ (ಅಂದರೆ ರೆಕಾರ್ಡ್ ತಂದ ಕಂಪನಿ), ಯಾವ ವರ್ಷ, ಎಷ್ಟು ಸಲ ಒತ್ತಿದರು, ಹಿಂದೆ ಎಷ್ಟಕ್ಕೆ ಮಾರಾಟವಾಯಿತು, ಎಲ್ಲ ಒಂದೇ ಕಡೆ ಸಿಗುತ್ತದೆ. ನಕಲಿ ಹಿಡಿಯಲೂ ಅದೇ ಬೇಕು. ರೆಕಾರ್ಡಿನ ಮಧ್ಯದ ಕಾಗದದ ಲೇಬಲ್‌ಗೂ ಕೊನೆಯ ಗ್ರೂವ್‌ಗೂ (ಸೂಜಿ ಓಡುವ ಗೆರೆ) ನಡುವೆ ಖಾಲಿ ಜಾಗ ಇರುತ್ತದಲ್ಲ, ಅಲ್ಲಿ ಕೈಯಿಂದ ಕೆತ್ತಿದ ಅಕ್ಷರ, ನಂಬರ್ ಇರುತ್ತವೆ. ಮೂಲ ಡಿಸ್ಕ್ ಕೊರೆದ ಎಂಜಿನಿಯರ್ ಕೆಲವು ಸಲ ತನ್ನ ಹೆಸರನ್ನೂ ಗೀಚಿರುತ್ತಾನೆ. 'ಪೋರ್ಕಿ' ಎಂದಿದ್ದರೆ ಅದು ಜಾರ್ಜ್ ಪೆಕಮ್ ಕೊರೆದದ್ದು. ವೈಟ್ ಲೇಬಲ್‌ನಲ್ಲಿ ಓದಲು ಸಿಗುವುದು ಈ ಗೀಚೊಂದೇ, ಹಾಗಾಗಿ ಫೋಟೋದಲ್ಲಿ ಆ ಜಾಗ ತೋರಿಸದ ಮಾರಾಟಗಾರರನ್ನು ನಾನು ಕೇಳುವುದೂ ಇಲ್ಲ, ಮುಂದೆ ಹೋಗುತ್ತೇನೆ.

ತಕರಾರು ಇರುವುದು ದರ್ಜೆಯ ವಿಷಯದಲ್ಲಿ. ಮೇಲಿನಿಂದ ಕೆಳಕ್ಕೆ ಮಿಂಟ್, ನಿಯರ್ ಮಿಂಟ್, ವಿಜಿ ಪ್ಲಸ್, ವಿಜಿ (ವೆರಿ ಗುಡ್) ಅಂತ ಮಾರುವವರು ದರ್ಜೆ ಕೊಡುತ್ತಾರೆ. ವಿಜಿ ಪ್ಲಸ್ ಅಂದರೆ ಅಲ್ಲಿ ಇಲ್ಲಿ ಸಣ್ಣ ಗುರುತು ಇರಬಹುದು, ಕೇಳುವುದಕ್ಕೆ ತೊಂದರೆ ಇರಬಾರದು. ನಾನು 1994ರ ಒಂದು ಟ್ವೆಲ್ವ್ ಇಂಚ್, ಅಂದರೆ ಬದಿಗೆ ಒಂದೋ ಎರಡೋ ಟ್ರ್ಯಾಕ್ ಇರುವ ಹನ್ನೆರಡು ಇಂಚಿನ ರೆಕಾರ್ಡ್, ತರಿಸಿದೆ. ವಿಜಿ ಪ್ಲಸ್. 38 ಪೌಂಡ್, ಅಂಚೆ ಖರ್ಚು ಬೇರೆ. ಯಾವ ರೆಕಾರ್ಡ್ ಅಂತ ಹೇಳುವುದಿಲ್ಲ, ಹೇಳಿದರೆ ಮಾರಿದವರು ಯಾರು ಅಂತ ಇದೇ ಹುಚ್ಚಿರುವ ನಾಲ್ಕು ಜನಕ್ಕೆ ತಕ್ಷಣ ಗೊತ್ತಾಗುತ್ತದೆ. ಕಣ್ಣಿಗೆ ಫಳಫಳ ಅನ್ನುತ್ತಿತ್ತು. ಕಿಟಕಿ ಬೆಳಕಿಗೆ ಓರೆ ಹಿಡಿದು ನೋಡಿದರೂ ಒಂದು ಗೀರಿಲ್ಲ. ಸೂಜಿ ಇಟ್ಟರೆ ಮೊದಲ ಹತ್ತು ಸೆಕೆಂಡ್ ಎಂಸಿಯ (ಮೈಕ್ ಹಿಡಿದು ಮಾತಾಡುವವನ) ಮಾತಿನ ಹಿಂದೆ ಯಾರೋ ಒಗ್ಗರಣೆ ಹಾಕುತ್ತಿರುವ ಸದ್ದು. ಡ್ರಮ್ ಬಂದ ಮೇಲೆ ಅದು ಮುಚ್ಚಿಹೋಯಿತು. ಸದ್ಯ ಅಂದುಕೊಳ್ಳುವಷ್ಟರಲ್ಲಿ, ಇಡೀ ರೆಕಾರ್ಡಿನಲ್ಲಿ ನಾನು ಕಾಯುತ್ತಿದ್ದ ಒಂದೇ ಒಂದು ಜಾಗ, ಬೇಸ್ ಬೀಳುವ ಜಾಗ, ಅಲ್ಲೂ ಅದೇ ಚರಚರ.

ಮೊದಲಿನ ಸದ್ದಿಗೆ ಕ್ಯೂ ಬರ್ನ್ ಅನ್ನುತ್ತಾರೆ. ಡಿಜೆ ಒಂದು ರೆಕಾರ್ಡ್ ಓಡುತ್ತಿರುವಾಗಲೇ ಮುಂದಿನದನ್ನು ಹೆಡ್‌ಫೋನಿನಲ್ಲಿ ಸಿದ್ಧ ಮಾಡಿಕೊಳ್ಳಬೇಕು. ಅದಕ್ಕೆ ಸೂಜಿ ಗ್ರೂವ್‌ನಲ್ಲಿ ಇರುವಾಗಲೇ ರೆಕಾರ್ಡನ್ನು ಕೈಯಲ್ಲಿ ಹಿಂದೆ ಮುಂದೆ ಎಳೆಯುತ್ತಾ ಮೊದಲ ಸದ್ದನ್ನು ಹುಡುಕುತ್ತಾನೆ. ಪ್ರತಿ ಸಲ ಅದೇ ಜಾಗ. ಭಾರ ಜಾಸ್ತಿ ಇಟ್ಟ ಡಿಜೆ ಸೂಜಿ, ಹೊಗೆ, ಧೂಳು, ಬೆವರಿದ ಕೈ. ಕೆಲವು ತಿಂಗಳಲ್ಲಿ ಆ ಗ್ರೂವ್ ಸವೆಯುತ್ತದೆ. ಬೇರೆ ಡ್ಯಾನ್ಸ್ ರೆಕಾರ್ಡ್‌ಗಳಲ್ಲೂ ಇದು ಇದೆ, ಆದರೆ ಅವುಗಳಲ್ಲಿ ಹಲವು ಡ್ರಮ್‌ನಿಂದಲೇ ಶುರುವಾಗುವುದರಿಂದ ಅಷ್ಟಾಗಿ ಕೇಳಿಸುವುದಿಲ್ಲ. ರಗ್ಗಾ ಜಂಗಲ್‌ನಲ್ಲಿ ಮೊದಲು ಎಷ್ಟೋ ಸಲ ಬರೀ ಮಾತು, ಒಂದು ಘೋಷಣೆ, ಸ್ವಲ್ಪ ಎಕೋ. ಅಡಗಲು ಜಾಗವೇ ಇಲ್ಲ.

ಎರಡನೆಯದು ಇನ್ನೂ ಕೆಟ್ಟದ್ದು, ಮತ್ತು ಇದನ್ನು ಯಾವ ದರ್ಜೆ ಪಟ್ಟಿಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಜಮೈಕಾದ ಸೌಂಡ್ ಸಿಸ್ಟಮ್‌ಗಳಿಂದ (ದೊಡ್ಡ ಸ್ಪೀಕರ್ ಇಟ್ಟು ರೆಕಾರ್ಡ್ ಹಾಕಿ ಜನರನ್ನು ಕುಣಿಸುವ ತಂಡಗಳು) ಜಂಗಲ್‌ಗೆ ಬಂದ ಒಂದು ಪದ್ಧತಿ ರೀವೈಂಡ್. ಬೇಸ್ ಬಿದ್ದ ಕೂಡಲೇ ಜನ ಕೂಗಿ, ಸೀಟಿ ಊದಿ, ಲೈಟರ್ ಹಚ್ಚಿದರೆ ಡಿಜೆ ರೆಕಾರ್ಡನ್ನು ಕೈಯಲ್ಲಿ ಗಿರ್ರನೆ ಹಿಂದಕ್ಕೆ ತಿರುಗಿಸಿ ಮೊದಲಿಂದ ಹಾಕಬೇಕು. ಸೂಜಿ ಎತ್ತಿರುವುದಿಲ್ಲ. ಅಂದರೆ ಒಂದು ರೆಕಾರ್ಡ್ ಎಷ್ಟು ಚೆನ್ನಾಗಿತ್ತೋ, ಅದರಲ್ಲಿ ಯಾವ ಕ್ಷಣ ಜನಕ್ಕೆ ಅತಿ ಇಷ್ಟವಾಗಿತ್ತೋ, ಸರಿಯಾಗಿ ಅಲ್ಲೇ ಅದು ಹಾಳಾಗಿರುತ್ತದೆ. ಯಾರೂ ಇಷ್ಟಪಡದ ಬಿ ಸೈಡ್ ಮಾತ್ರ ನಿನ್ನೆ ಕಾರ್ಖಾನೆಯಿಂದ ಬಂದಷ್ಟು ಚೆನ್ನಾಗಿರುತ್ತದೆ!

ಇದು ಕೊಳೆಯಲ್ಲ, ತೊಳೆದರೆ ಹೋಗುವುದಿಲ್ಲ. ಧೂಳಿನ ಟಿಕ್ ಟಿಕ್ ಆಗಿದ್ದರೆ ಒಳ್ಳೆಯ ವಾಶ್ ಕೊಟ್ಟಾಗ ಹೋಗುತ್ತಿತ್ತು. ಮಾರಿದವರಿಗೆ ಬರೆದೆ. ನಾವು ನೋಡಿ ದರ್ಜೆ ಕೊಡುತ್ತೇವೆ, ಹಾಕಿ ಕೇಳಿ ಅಲ್ಲ, ಬೇಕಿದ್ದರೆ ವಾಪಸ್ ಕಳಿಸಿ, ಅಂಚೆ ಖರ್ಚು ನಿಮ್ಮದು ಎಂದರು. ಅವರು ಸುಳ್ಳು ಹೇಳಿದರು ಅನ್ನಲಾರೆ. ಮನೆ ತುಂಬ ರೆಕಾರ್ಡ್ ಇಟ್ಟುಕೊಂಡು ಮಾರುವವರು ಒಂದೊಂದನ್ನೂ ಆರು ನಿಮಿಷ ಕೂತು ಕೇಳುತ್ತಾರಾ? ಆದರೆ 38 ಪೌಂಡ್ ಕೊಟ್ಟವನು ಕೇಳುವುದಕ್ಕೇ ಕೊಂಡಿರುತ್ತಾನೆ, ಅಲ್ವಾ? ಈಗ ಆನ್‌ಲೈನಿನಲ್ಲಿ ಏನಾದರೂ ಕೊಳ್ಳುವ ಮುಂಚೆ, ಶುರುವಿನದೂ ಬೇಸ್ ಬೀಳುವಲ್ಲಿನದೂ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸುತ್ತೀರಾ ಅಂತ ಕೇಳುತ್ತೇನೆ. ಹೆಚ್ಚಿನವರು ಉತ್ತರವನ್ನೇ ಕೊಡುವುದಿಲ್ಲ. ಕೊಟ್ಟವರ ಹತ್ತಿರ ಚೌಕಾಸಿ ಮಾಡದೆ ಕೊಳ್ಳುತ್ತೇನೆ.

ಯುರೋಪಿನಿಂದ ಬ್ರಿಟನ್ನಿಗೆ ತರಿಸುವುದಾದರೆ 2021ರಿಂದ 20% ವ್ಯಾಟ್ ಕೂಡ ಸೇರುತ್ತದೆ, ಲೆಕ್ಕ ಹಾಕಿಕೊಳ್ಳಿ.

ಇನ್ನು ಅಂಗಡಿ. ನಾನಿರುವುದು ಪೂರ್ವ ಲಂಡನ್ನಿನ ಈಸ್ಟ್ ಹ್ಯಾಮ್‌ನಲ್ಲಿ. ದೋಸೆ ಹಿಟ್ಟು, ಕರಿಬೇವು ಎಲ್ಲ ನಡೆದು ಹೋಗಿ ತರುವಷ್ಟು ಹತ್ತಿರ. ಇಲ್ಲಿಂದ ಸ್ವಲ್ಪ ದೂರದ ಫಾರೆಸ್ಟ್ ಗೇಟ್‌ನಲ್ಲೇ 90ರ ದಶಕದ ಆರಂಭದಲ್ಲಿ ಡಿ ಅಂಡರ್‌ಗ್ರೌಂಡ್ ಎಂಬ ರೆಕಾರ್ಡ್ ಅಂಗಡಿ ಇತ್ತು. ಜಂಗಲ್‌ನ ಬೇರು ಹುಡುಕುವವರೆಲ್ಲ ಹೆಸರಿಸುವ ಲೆನಿ ಡಿ ಐಸ್‌ನ 1991ರ 'ವೀ ಆರ್ ಐ.ಇ.' ಬಂದದ್ದು ಅವರ ಕಡೆಯಿಂದ. ಇನ್ನೂ ಪೂರ್ವಕ್ಕೆ ರಾಮ್‌ಫರ್ಡ್‌ನಲ್ಲಿ ಬೂಗಿ ಟೈಮ್ಸ್ ಅಂಗಡಿ, ಅದರಿಂದ ಹುಟ್ಟಿದ ಲೇಬಲ್ ಸಬರ್ಬನ್ ಬೇಸ್. ಲಂಡನ್ ನಡುವಿನ ಸೋಹೊದಲ್ಲಿ 'ಬ್ಲ್ಯಾಕ್ ಮಾರ್ಕೆಟ್' ಎಂಬ ಅಂಗಡಿ. ಆಗಿನ ಡಿಜೆಗಳು ಕೌಂಟರ್ ಮುಂದೆ ನಿಂತು, ಅಂಗಡಿಯ ಸ್ಪೀಕರಿನಲ್ಲಿ ಕೇಳಿ, ಕೈ ಎತ್ತಿ ಕೊಳ್ಳುತ್ತಿದ್ದರು. ಆ ಮೂರೂ ಅಂಗಡಿ ಈಗ ಹಾಗೆ ಉಳಿದಿಲ್ಲ, ಆದರೆ ಕೇಳಿ ಕೊಳ್ಳುವ ರೂಢಿ ಉಳಿದಿದೆ. ಸೋಹೊದ ಬರ್ವಿಕ್ ಸ್ಟ್ರೀಟ್ ಸುತ್ತಮುತ್ತ ಇನ್ನೂ ಅಂಗಡಿಗಳಿವೆ, ಕೇಳಿ ನೋಡಲು ಡೆಕ್ (ರೆಕಾರ್ಡ್ ಪ್ಲೇಯರ್) ಇಟ್ಟಿರುವುದೂ ಉಂಟು.

ನಾನು ಮೂರು ಜಾಗದಲ್ಲಿ ಸೂಜಿ ಇಡುತ್ತೇನೆ. ಶುರುವಿನಲ್ಲಿ, ಕ್ಯೂ ಬರ್ನ್‌ಗೆ. ಬೇಸ್ ಬೀಳುವುದಕ್ಕೆ ಸ್ವಲ್ಪ ಮುಂಚೆ, ರೀವೈಂಡ್ ಗಾಯಕ್ಕೆ. ಆಮೇಲೆ ಕೊನೆಯ ನಿಮಿಷದಲ್ಲಿ, ಲೇಬಲ್ ಹತ್ತಿರ. ಅಲ್ಲಿ ಸುತ್ತು ಚಿಕ್ಕದು, ಸೂಜಿಯ ಕೆಳಗೆ ಗ್ರೂವ್ ನಿಧಾನವಾಗಿ ಹಾಯುತ್ತದೆ, ಹಾಗಾಗಿ ಅಷ್ಟೇ ಸದ್ದನ್ನು ಕಡಿಮೆ ಜಾಗದಲ್ಲಿ ತುರುಕಿರುತ್ತಾರೆ. ಸವೆದಿದ್ದರೆ ಗಾಯಕನ 'ಸ' ಎಲ್ಲ ಹರಿದ ಕಾಗದದಂತೆ ಬರುತ್ತದೆ. ಎರಡು ನಿಮಿಷದ ಕೆಲಸ. ಫೋಟೋ, ದರ್ಜೆ, ಮಾರಾಟಗಾರರ ರೇಟಿಂಗ್ ಎಲ್ಲ ಸೇರಿದರೂ ಇಷ್ಟು ಗೊತ್ತಾಗುವುದಿಲ್ಲ.

ಅಂಗಡಿಯಲ್ಲಿ ಬೆಲೆ ಜಾಸ್ತಿ, ಒಪ್ಪುತ್ತೇನೆ. ಬೇಕಾದದ್ದು ಬೇಕಾದಾಗ ಸಿಗುವುದೂ ಇಲ್ಲ. ಕಾಂಗೋ ನ್ಯಾಟಿ ಲೇಬಲ್‌ನ ಹಳೆ ಟ್ವೆಲ್ವ್ ಇಂಚ್ ಬೇಕು ಅಂತ ಹೋದರೆ ನಿಮ್ಮ ಕೈಗೆ ಬರುವುದು ಅದರ ಯಜಮಾನ ರೆಬೆಲ್ ಎಂಸಿ 1989ರಲ್ಲಿ ಮಾಡಿದ ಪಾಪ್ ಹಿಟ್. ನಾಟಿಂಗ್ ಹಿಲ್‌ನ ಮ್ಯೂಸಿಕ್ ಅಂಡ್ ವಿಡಿಯೋ ಎಕ್ಸ್‌ಚೇಂಜ್‌ನಲ್ಲಿ ಒಂದು ಸೊಗಸು ಇದೆ: ಮಾರಾಟವಾಗದ ರೆಕಾರ್ಡಿನ ಚೀಟಿಯ ಮೇಲೆ ಹಳೆ ಬೆಲೆ ಹೊಡೆದು ಕಡಿಮೆ ಬೆಲೆ ಬರೆಯುತ್ತಾ ಹೋಗುತ್ತಾರೆ. ಕಾದರೆ ಇಳಿಯುತ್ತದೆ, ಕಾಯುತ್ತಾ ಕೂತರೆ ಇನ್ಯಾರೋ ಎತ್ತಿಕೊಂಡು ಹೋಗುತ್ತಾರೆ. ನನಗೆ ಈ ಜೂಜು ಇಷ್ಟ. ಮನೆಯಲ್ಲಿ ಇಷ್ಟವಿಲ್ಲ.

ರೀಪ್ರೆಸ್ ಬಗ್ಗೆ ನನಗೆ ಮಡಿವಂತಿಕೆ ಇಲ್ಲ. ಸದ್ದು ಸ್ವಚ್ಛ, ಬೆಲೆ ಗೊತ್ತಿರುವ ಬೆಲೆ. ಆದರೆ ಬೇಕಾದದ್ದೆಲ್ಲ ರೀಪ್ರೆಸ್ ಆಗುವುದಿಲ್ಲ. ಜಮೈಕಾದ ಹಾಡುಗಳಿಂದ ಎತ್ತಿದ ದನಿಗೆ ಆಗ ಬಹಳ ಜನ ಅನುಮತಿಯನ್ನೇ ಕೇಳಿರಲಿಲ್ಲ, ಈಗ ಅಧಿಕೃತವಾಗಿ ತರಲು ಹೋದರೆ ಆ ಹಳೆ ಲೆಕ್ಕ ಎದುರು ಬರುತ್ತದೆ. ಜೊತೆಗೆ ಯಾವುದರಿಂದ ಒತ್ತಿದರು ಅನ್ನುವುದು ಮುಖ್ಯ. ಮೂಲ ಡ್ಯಾಟ್ ಟೇಪ್ (ಸ್ಟುಡಿಯೋದ ಡಿಜಿಟಲ್ ಟೇಪ್) ಉಳಿದಿದ್ದರೆ ಒರಿಜಿನಲ್‌ಗಿಂತ ಚೆನ್ನಾಗಿರಬಹುದು. ಟೇಪ್ ಕಳೆದು ಹಳೆ ರೆಕಾರ್ಡಿನಿಂದಲೇ ಎತ್ತಿದ್ದರೆ, ಅಥವಾ ಯಾರೋ ಕದ್ದು ಒತ್ತಿದ್ದರೆ, ಹೈ ಹ್ಯಾಟ್ (ಡ್ರಮ್ ಸೆಟ್ಟಿನ ತಾಳ) ಮಂಕಾಗಿ ಬೇಸ್ ಊದಿಕೊಂಡಿರುತ್ತದೆ. ಕವರ್ ನೋಡಿ ಇದನ್ನು ಹೇಳಲಾಗದು.

ಕಂಪೈಲೇಷನ್: ಹೊಸಬರು ಇಲ್ಲಿಂದ ಶುರು ಮಾಡಿ. ಸೋಲ್ ಜಾಝ್ ಲೇಬಲ್‌ನ 'ರಂಬಲ್ ಇನ್ ದಿ ಜಂಗಲ್' ಇದೆ. ಜಂಗಲ್ ನಿರ್ಮಾಪಕ ರೀಮಾರ್ಕ್‌ನ ಹಳೆ ಟ್ರ್ಯಾಕ್‌ಗಳನ್ನು ಪ್ಲಾನೆಟ್ ಮ್ಯೂ ಲೇಬಲ್ 2003ರಲ್ಲಿ 'ಸೌಂಡ್ ಮರ್ಡರರ್' ಹೆಸರಿನಲ್ಲಿ ಒಟ್ಟುಮಾಡಿ ತಂದಿದೆ, ಆ ಡ್ರಮ್ ಕತ್ತರಿಸಿರುವ ರೀತಿ ಕೇಳಿದರೆ ತಲೆ ತಿರುಗುತ್ತದೆ. ಒಂದೇ ಕೊರತೆ ಅಂದರೆ ಜಾಗದ್ದು. ಟ್ವೆಲ್ವ್ ಇಂಚಿನ ಒಂದು ಬದಿಗೆ ಒಂದೇ ಟ್ರ್ಯಾಕ್ ಇದ್ದರೆ ಗ್ರೂವ್ ಅಗಲವಾಗಿ ಕೊರೆಯಬಹುದು, ಬೇಸ್ ದಪ್ಪಗೆ, ಜೋರಾಗಿ ಬರುತ್ತದೆ. ಅದೇ ಬದಿಗೆ ಮೂರು ನಾಲ್ಕು ತುಂಬಿಸಿದರೆ ಸದ್ದು ತಗ್ಗಿಸಲೇಬೇಕು.

ಡಿಜಿಟಲ್: ಫೈಲ್ ಬೇಕಾದವರು ಈ ಬರಹ ಇಲ್ಲಿಯವರೆಗೆ ಓದಿರಲಿಕ್ಕಿಲ್ಲ.

ಡಬ್‌ಪ್ಲೇಟ್: ಅಸಿಟೇಟ್ ತಟ್ಟೆ, ಹಾಕಿದಷ್ಟೂ ಸವೆಯುವಂಥದ್ದು, ಡಿಜೆ ಕೆಲವೇ ವಾರ ಓಡಿಸಲೆಂದು ಕೊರೆಸಿದ್ದು. ಬೆಲೆ ನೋಡಿ ನಮಸ್ಕಾರ ಹಾಕಿ ಬನ್ನಿ.

ನನ್ನ ತೀರ್ಪು ನನ್ನ ಅಭ್ಯಾಸಕ್ಕೆ ತಕ್ಕಂತೆ ಇದೆ, ಅದನ್ನೂ ಹೇಳಬೇಕು. ನಮ್ಮ ಫ್ಲ್ಯಾಟಿನ ಗೋಡೆ ತೆಳು, ಹಾಗಾಗಿ ರಾತ್ರಿ ಹೆಡ್‌ಫೋನಿನಲ್ಲಿ ಕೇಳುತ್ತೇನೆ. ಹೆಡ್‌ಫೋನಿನಲ್ಲಿ ಪ್ರತಿ ಚರಚರವೂ ಕಿವಿಯೊಳಗೇ. ನೀವು ಡಿಜೆ ಆಗಿದ್ದರೆ ಈ ಗೋಳು ಅರ್ಧ ನಿಮಗಿಲ್ಲ. ಮುಂದೆ ಹಾಕುವ ರೆಕಾರ್ಡಿನ ಮೊದಲ ಹತ್ತು ಸೆಕೆಂಡ್ ಹೇಗೂ ಹಿಂದಿನದರ ಡ್ರಮ್ ಕೆಳಗೆ ಮುಚ್ಚಿಹೋಗುತ್ತದೆ. ಅಂಥವರು ಆನ್‌ಲೈನಿನಲ್ಲಿ ವಿಜಿ ದರ್ಜೆಯದನ್ನೇ ಅಗ್ಗಕ್ಕೆ ಕೊಂಡುಬಿಡಿ, ದುಡ್ಡು ಉಳಿಯುತ್ತದೆ. ನನ್ನ ಮಿತಿ ತಿಂಗಳಿಗೆ 40 ಪೌಂಡ್. ಅಷ್ಟರಲ್ಲಿ ಅಂಗಡಿಯಿಂದ ಕೇಳಿ ತಂದ ಒಂದೋ ಎರಡೋ ರೆಕಾರ್ಡ್ ನನಗೆ ಸಾಕು. ಏನೂ ಸಿಗದ ತಿಂಗಳು ಒಂದು ರೀಪ್ರೆಸ್.

ಬೆಂಗಳೂರಿನಲ್ಲಿ ಕೂತು ಇದೆಲ್ಲ ಮಾಡಲಾಗದು ಅಂತ ಗೊತ್ತು. ಅಲ್ಲಿಗೆ ಹಳೆ ರೆಕಾರ್ಡ್ ತರಿಸಿ, ಕಸ್ಟಮ್ಸ್ ಕಟ್ಟಿ, ಆಮೇಲೆ ಒಳಗೆ ಕ್ಯೂ ಬರ್ನ್ ಸಿಕ್ಕಿದರೆ ವಾಪಸ್ ಕಳಿಸುವ ಮಾತೇ ಇಲ್ಲ. ಕಂಪೈಲೇಷನ್ ಮತ್ತು ರೀಪ್ರೆಸ್ ತರಿಸಿ. ಒರಿಜಿನಲ್ಲೇ ಬೇಕೆಂದರೆ ಇಲ್ಲಿರುವ ಅಣ್ಣನಿಗೋ ಅಕ್ಕನಿಗೋ ಈ ಮೂರು ಜಾಗದಲ್ಲಿ ಸೂಜಿ ಇಡುವುದನ್ನು ಹೇಳಿಕೊಟ್ಟು, ಊರಿಗೆ ಬರುವಾಗ ತರಲು ಹೇಳಿ. ರೆಕಾರ್ಡನ್ನು ಕವರ್‌ನಿಂದ ಹೊರಗೆ ತೆಗೆದು ಬೇರೆ ಪ್ಲಾಸ್ಟಿಕ್‌ನಲ್ಲಿ ಇಡಬೇಕು, ಇಲ್ಲದಿದ್ದರೆ ಕವರಿನ ಅಂಚು ಸೀಳುತ್ತದೆ. ಚೆಕ್-ಇನ್ ಸೂಟ್‌ಕೇಸಿಗೆ ಹಾಕುವುದು ಬೇಡ, ಕೈಚೀಲದಲ್ಲೇ ಬರಲಿ. ಹತ್ತು ರೆಕಾರ್ಡ್ ಅಂದರೆ ಎರಡು ಕಿಲೋ ಹತ್ತಿರ ಆಗುತ್ತದೆ, ಮೊದಲೇ ಹೇಳಿ ಒಪ್ಪಿಸಿಕೊಳ್ಳಿ.